ಅಂಗಳದಲ್ಲೊಂದು ಇಂಗುಬಾವಿ: ಮಣ್ಣು ಒಡ್ಡರ ಕೆಲಸ ಹೇಗಿದೆ?

ಮಳೆನೀರನ್ನು ನೆಲಕ್ಕೆ ಇಂಗಿಸುವ ಇಂಗುಬಾವಿ ತೋಡಿಸಬೇಕೆಂದು ಯೋಚಿಸುತ್ತಿರುವ ಬೆಂಗಳೂರಿನ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಾವಿ ತೋಡುವ ಮಣ್ಣು ಒಡ್ಡರ ಕೆಲಸಕ್ಕೆ ಹತ್ತಕ್ಕೆ ಒಂಬತ್ತು ಅಂಕ. ಆ ಬಾವಿಗೆ ಮಳೆನೀರು ತಂದು ಬಿಡುವ ಪೈಪು ಮತ್ತು ಸೋಸುವ ಸಾಧನದ ವ್ಯವಹಾರಕ್ಕೆ ಮೂರಕ್ಕಿಂತ ಹೆಚ್ಚು ಕೊಡಲಾರೆ. ಇಡೀ ಕೆಲಸ ಮಾಡಿಸಬೇಕೇ ಎಂದರೆ, ಜಾಗವೂ ಮಣ್ಣೂ ಅನುಕೂಲವಾಗಿದ್ದರೆ ಖಂಡಿತ ಮಾಡಿಸಿ.

ನಮ್ಮ ಮನೆ ಸಹಕಾರನಗರದಲ್ಲಿದೆ. 30×40 ಅಡಿಯ ನಿವೇಶನ, ಹಳೆಯ ಮನೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದಾಗ, ಆಗಲೇ ಕಟ್ಟಿದ್ದ ಮನೆಗಳ ಪೈಕಿ 2,400 ಚದರ ಅಡಿಗಿಂತ ಕಡಿಮೆ ನಿವೇಶನದವನ್ನು ಬಿಟ್ಟಿದ್ದರು. ಆದ್ದರಿಂದ ನಮ್ಮನ್ನು ಯಾರೂ ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದು 2024ರ ಬೇಸಿಗೆ. ಆ ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ನಮ್ಮ ಬೀದಿಯ ಕೊಳವೆಬಾವಿಗಳು ಒಂದರ ಹಿಂದೊಂದು ಕೆಮ್ಮಿ ನಿಂತವು. ನಮ್ಮದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನೀರೆತ್ತುತ್ತಿತ್ತು, ಅದೂ ಕೆಸರು ಬಣ್ಣದ್ದು.

ಅದೇ ವರ್ಷ ಮೊದಲ ದೊಡ್ಡ ಮಳೆ ಬಂದಾಗ ನಮ್ಮ ತಾರಸಿಯ ನೀರೆಲ್ಲ ಗೇಟಿನಾಚೆ ಹರಿದು, ಚರಂಡಿ ಉಕ್ಕಿ, ಎದುರು ಮನೆಯವರ ಮೆಟ್ಟಿಲವರೆಗೆ ನಿಂತಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು, ಲೆಕ್ಕ ಹಾಕದೆ ಬಿಡುವವಳಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 1,000 ಚದರ ಅಡಿ, ಅಂದರೆ 93 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 970 ಮಿಲಿಮೀಟರಿನ ಆಸುಪಾಸು. ಗುಣಿಸಿದರೆ ವರ್ಷಕ್ಕೆ 90,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೈದು ಟ್ಯಾಂಕರ್ ನೀರನ್ನು ನಾವು ಪ್ರತಿ ವರ್ಷ ಚರಂಡಿಗೆ ಚೆಲ್ಲುತ್ತಿದ್ದೆವು. ಇನ್ನೊಂದು ಕಡೆ, ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ವಿದ್ಯುತ್ ಸುರಿದು ಈ ಎತ್ತರದ ಊರಿಗೆ ಹತ್ತಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ, ಕಾವೇರಿ ಯೋಜನೆಯ ಐದನೇ ಹಂತವೂ ಉದ್ಘಾಟನೆಯಾಯಿತು. ಬೇಕಾದದ್ದೇ, ಬೇಡವೆನ್ನುವುದಿಲ್ಲ. ಆದರೆ ಮೇಲಿಂದ ತಾನಾಗಿ ಬೀಳುವುದನ್ನು ಬಿಟ್ಟು ಕೆಳಗಿಂದ ಎತ್ತುವುದೊಂದೇ ದಾರಿ ಎಂಬಂತೆ ಈ ಊರನ್ನು ಕಟ್ಟಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಕೆಲಸಕ್ಕೆ ಇಳಿಯುವ ಮೊದಲು ಜಯನಗರ 5ನೇ ಬ್ಲಾಕಿನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿ ಬನ್ನಿ. ಸೋಸುವ ತೊಟ್ಟಿ, ಇಂಗುಗುಂಡಿ, ತಾರಸಿಯ ಕೊಳವೆ ಜೋಡಣೆ ಎಲ್ಲವನ್ನೂ ಮಾದರಿ ಮಾಡಿ ಇಟ್ಟಿದ್ದಾರೆ. ಪುಸ್ತಕದಲ್ಲಿ ಓದಿ ಅರ್ಥವಾಗದ್ದು ಅಲ್ಲಿ ಕಣ್ಣಿಗೆ ಕಂಡು ಅರ್ಥವಾಗುತ್ತದೆ.

ತೋಡುವವರನ್ನು ಹುಡುಕುವುದು ಈಗ ಕಷ್ಟವಲ್ಲ. ನೀರಿನ ವಿಷಯದಲ್ಲಿ ಕೆಲಸ ಮಾಡುವ ಬಯೋಮ್ ಸಂಸ್ಥೆ ಮತ್ತು ಜಲತಜ್ಞ ಎಸ್. ವಿಶ್ವನಾಥ್ ಅವರು ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಬೇಕು ಎಂದು ನಡೆಸುತ್ತಿರುವ ಅಭಿಯಾನದಿಂದಾಗಿ ಮಣ್ಣು ಒಡ್ಡರ ತಂಡಗಳ ಪರಿಚಯ ನಗರದವರಿಗೆ ಮತ್ತೆ ಆಗಿದೆ. ಭೋವಿ ಸಮುದಾಯದ ಇವರು ತಲೆಮಾರುಗಳಿಂದ ಕೆರೆ, ಕಟ್ಟೆ, ಬಾವಿ ತೋಡಿದವರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರುವವರೆಗೆ ಬೆಂಗಳೂರು ನೀರು ಕುಡಿದದ್ದು ಇಂಥವರ ಕೈಯ ಬಾವಿ, ಕಲ್ಯಾಣಿ, ಕೆರೆಗಳಿಂದ. ಕೊಳವೆಬಾವಿ ಕೊರೆಯುವ ಯಂತ್ರದ ಲಾರಿಗಳು ಬಂದ ಮೇಲೆ ಇವರ ಕೆಲಸ ಬತ್ತಿತು. ಹಲವರು ಗಾರೆ ಕೆಲಸಕ್ಕೂ ಪೈಪ್‌ಲೈನ್ ಅಗೆಯುವುದಕ್ಕೂ ಹೋದರು.

ನಮ್ಮಲ್ಲಿಗೆ ಬಂದ ತಂಡದ ಮೇಸ್ತ್ರಿ ಅರವತ್ತು ದಾಟಿದವರು. ಮೊದಲ ದಿನ ಅವರು ಗುದ್ದಲಿ ತರಲಿಲ್ಲ, ಪ್ರಶ್ನೆಗಳನ್ನು ಮಾತ್ರ ತಂದರು. "ಅಮ್ಮಾ, ಒಳಚರಂಡಿ ಕೊಳವೆ ಎಲ್ಲಿ ಹೋಗಿದೆ? ಹಳೆಯ ಕಕ್ಕಸು ಗುಂಡಿ ಇತ್ತೇ? ಮನೆಯ ಪಾಯ ಎಷ್ಟು ಅಡಿ? ಇಲ್ಲಿ ಮೊದಲು ಏನಿತ್ತು, ಹೊಲವೋ, ತಗ್ಗು ತುಂಬಿಸಿದ ಜಾಗವೋ?" ನಾನು ತೋರಿಸಿದ ಮೂಲೆಯನ್ನು ಒಪ್ಪಲಿಲ್ಲ. ಅದು ಪಾಯಕ್ಕೆ ಹತ್ತಿರವಾಯಿತು, ಒಳಚರಂಡಿ ಗುಂಡಿಗೂ ಹತ್ತಿರವಾಯಿತು ಎಂದರು. ಗೇಟಿನ ಪಕ್ಕ, ಕೊಳವೆಬಾವಿಯಿಂದ ಸ್ವಲ್ಪ ದೂರದಲ್ಲಿ, ತಾವೇ ಒಂದು ಗುರುತು ಹಾಕಿದರು. ಇಷ್ಟು ವಿಚಾರಿಸಿಕೊಂಡು ಕೆಲಸಕ್ಕೆ ಇಳಿಯುವವರನ್ನು ನಾನು ಮನೆ ಕಟ್ಟಿಸುವಾಗಲೂ ನೋಡಿರಲಿಲ್ಲ.

ಕೆಲಸ ಶುರುವಾದದ್ದು ಅರಿಶಿನ ಕುಂಕುಮ, ಊದುಬತ್ತಿ, ಒಂದು ತೆಂಗಿನಕಾಯಿಯಿಂದ. ನಾಲ್ಕು ಅಡಿ ಅಗಲದ ವೃತ್ತ ಗೀಚಿದರು. ಒಳಗೆ ಒಬ್ಬರು, ಮೇಲೆ ಹಗ್ಗ ಹಿಡಿದು ಇಬ್ಬರು, ಮಣ್ಣು ಸಾಗಿಸಲು ಒಬ್ಬರು. ಒಳಗಿನವರ ಕೈಯಲ್ಲಿ ಹಿಡಿ ಮೊಟಕು ಮಾಡಿದ ಗುದ್ದಲಿ, ಗಟ್ಟಿ ಬಂದಾಗ ಹಾರೆ. ಅಷ್ಟು ಇಕ್ಕಟ್ಟಿನಲ್ಲಿ ಉದ್ದ ಹಿಡಿ ಬೀಸಲಾಗದು. ಕುಕ್ಕರುಗಾಲಿನಲ್ಲಿ ಕುಳಿತು, ತಾನೇ ನಿಂತ ನೆಲವನ್ನು ಸುತ್ತುತ್ತ ಸುತ್ತುತ್ತ ಕೆತ್ತಿ ಬಾಂಡಲಿ ತುಂಬುತ್ತಾರೆ. ಗೋಡೆ ಎಷ್ಟು ನೆಟ್ಟಗಿತ್ತೆಂದರೆ, ಮೇಲಿನಿಂದ ತೂಗುಗುಂಡು ಬಿಟ್ಟು ನೋಡಿದಾಗ ದಾರ ಒಂದು ಕಡೆಯೂ ಮಣ್ಣಿಗೆ ತಾಗಲಿಲ್ಲ.

ಮೊದಲ ಮೂರು ಅಡಿ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ಭರ್ತಿ ಮಣ್ಣು. ಆಮೇಲೆ ಒಳ್ಳೆಯ ಕೆಂಪು ಮಣ್ಣು. ಹತ್ತು ಅಡಿ ದಾಟಿದ ಮೇಲೆ ಸಣ್ಣ ಸಣ್ಣ ಕಲ್ಲಿನ ಗರಸು. ಹದಿನಾಲ್ಕರ ಹತ್ತಿರ ಬಣ್ಣ ಬದಲಾಗಿ ತಿಳಿ ಹಳದಿಯ ಜೇಡಿ ಸಿಕ್ಕಿತು. ಒಳಗಿದ್ದವರು ಒಂದು ಹಿಡಿ ಮಣ್ಣನ್ನು ಬಾಂಡಲಿಯಲ್ಲಿ ಬೇರೆಯಾಗಿ ಇಟ್ಟು ಕಳಿಸಿದರು. ಮೇಸ್ತ್ರಿ ಅದಕ್ಕೆ ನೀರು ಚಿಮುಕಿಸಿ, ಅಂಗೈಯಲ್ಲಿ ಬತ್ತಿ ಹೊಸೆದಂತೆ ಹೊಸೆದರು. ಉದ್ದವಾಗಿ ಬಂತು, ಮುರಿಯಲಿಲ್ಲ. ಬಾಗಿಸಿ ಉಂಗುರ ಮಾಡಿ ನನ್ನ ಕೈಗೆ ಕೊಟ್ಟರು. "ಇದು ನೀರು ಕುಡಿಯುವುದಿಲ್ಲ ಅಮ್ಮಾ. ಇಲ್ಲಿ ನಿಲ್ಲಿಸಿದರೆ ನಿಮಗೆ ಬಾವಿ ಇರುವುದಿಲ್ಲ, ತೊಟ್ಟಿ ಇರುತ್ತದೆ."

ಮಾತಾಗಿದ್ದು 20 ಅಡಿಗೆ. ಇಪ್ಪತ್ತಕ್ಕೂ ಜೇಡಿ ಪೂರ್ತಿ ಮುಗಿದಿರಲಿಲ್ಲ. ಅಲ್ಲಿಗೇ ರಿಂಗ್ ಇಳಿಸಿ ಹಣ ತೆಗೆದುಕೊಂಡು ಹೋಗಬಹುದಿತ್ತು, ನನಗೆ ತಿಳಿಯುವ ಹಾಗೂ ಇರಲಿಲ್ಲ. ಅವರು ಹೋಗಲಿಲ್ಲ. ಇನ್ನೂ ಮೂರು ಅಡಿ ಇಳಿದರು. ಈ ಬಾರಿ ಬಂದ ಮಣ್ಣು ಅಂಗೈಯಲ್ಲಿ ಬತ್ತಿಯಾಗದೆ ಪುಡಿಪುಡಿಯಾಗಿ ಉದುರಿತು. ಅದರಲ್ಲಿ ಬೆಳ್ಳಗಿನ, ಬೆರಳಿಗೆ ಸಿಕ್ಕರೆ ಒಡೆಯುವ ಕಲ್ಲಿನ ಚೂರುಗಳಿದ್ದವು. ಬೆಂಗಳೂರಿನ ಗಟ್ಟಿ ಬಂಡೆಯ ಮೇಲೆ ಹೀಗೆ ಕಾಲಾಂತರದಲ್ಲಿ ಕೊಳೆತು ಸಡಿಲವಾದ ಕಲ್ಲಿನ ಒಂದು ಪದರವಿರುತ್ತದೆ. ನಮ್ಮ ಹಳೆಯ ಸೇದುವ ಬಾವಿಗಳಿಗೆ ನೀರು ಸಿಗುತ್ತಿದ್ದುದು ಆ ಪದರದಿಂದಲೇ. ಇದನ್ನು ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ಬೆರಳುಗಳ ನಡುವೆ ಉಜ್ಜಿ ನೋಡಿದ್ದು ಇದೇ ಮೊದಲು.

ಆಮೇಲೆ ಸಿಮೆಂಟ್ ರಿಂಗ್‌ಗಳ ಸರದಿ. ಮೂರು ಅಡಿ ಅಗಲ, ಒಂದು ಅಡಿ ಎತ್ತರದ ರಿಂಗ್‌ಗಳನ್ನು ಹಗ್ಗದಲ್ಲಿ ಕಟ್ಟಿ ಒಂದೊಂದಾಗಿ ಇಳಿಸಿದರು. ತಳಕ್ಕೆ ಕಾಂಕ್ರೀಟ್ ಹಾಕುವುದಿಲ್ಲ. ರಿಂಗ್‌ಗಳ ನಡುವಿನ ಸಂದಿಗೆ ಗಾರೆಯನ್ನೂ ಮೆತ್ತುವುದಿಲ್ಲ. ರಿಂಗ್‌ಗೂ ಮಣ್ಣಿಗೂ ಮಧ್ಯೆ ಉಳಿದ ಆರು ಅಂಗುಲದ ಸುತ್ತು ಜಾಗಕ್ಕೆ ಜಲ್ಲಿ ತುಂಬುತ್ತಾರೆ. ನೀರು ತಳದಿಂದಲೂ ಪಕ್ಕದಿಂದಲೂ ಇಂಗುವುದು ಇದರಿಂದ. ಮೇಲೆ ಕಾಂಕ್ರೀಟ್ ಮುಚ್ಚಳ, ಇಳಿದು ನೋಡಲು ಕಬ್ಬಿಣದ ಬಾಗಿಲು, ಸೊಳ್ಳೆ ಹೋಗದಂತೆ ಜಾಲರಿ ಕಟ್ಟಿದ ಗಾಳಿ ಕೊಳವೆ. ತುಂಬಿದರೆ ಹೆಚ್ಚಾದದ್ದು ಚರಂಡಿಗೆ ಹೋಗಲು ಒಂದು ಪೈಪು.

ಹಣ ಕೊಡುವ ಮೊದಲು ಪರೀಕ್ಷೆ ಮಾಡಿ ನೋಡೋಣ ಎಂದೆ. ಮೇಸ್ತ್ರಿಗೆ ಬೇಸರವಾಗಲಿಲ್ಲ, ಖುಷಿಯಾಯಿತು. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಬೆಳಿಗ್ಗೆ 1,000 ಲೀಟರ್ ನೀರು ಬಿಟ್ಟಾಗ ಐದು ಅಡಿಗೆ ಬಂತು. ಸಂಜೆ ಹಗ್ಗ ಎಳೆದಾಗ ಒದ್ದೆಯಿದ್ದದ್ದು ಒಂದು ಅಡಿಗೂ ಕಡಿಮೆ. ನೀವು ಬಾವಿ ತೋಡಿಸಿದರೆ ಈ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಮಣ್ಣನ್ನು ಸರಿಯಾಗಿ ಓದಿದ್ದಾರೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಖರ್ಚು, ರಿಂಗ್, ಜಲ್ಲಿ, ಕೂಲಿ, ಮುಚ್ಚಳ ಎಲ್ಲ ಸೇರಿ 45,000 ರೂಪಾಯಿಯ ಆಸುಪಾಸಿನಲ್ಲಿ ಬಂತು. ಅಡಿಯ ಲೆಕ್ಕದಲ್ಲಿ ದರ. ಹೆಚ್ಚಿಗೆ ಇಳಿದ ಮೂರು ಅಡಿಗೂ ಅದೇ ದರ ಕೇಳಿದರು, ಆಳಕ್ಕೆ ಹೋದಷ್ಟೂ ಕಷ್ಟ ಹೆಚ್ಚು ಎಂದು ಏರಿಸಲಿಲ್ಲ. ಈ ಕೆಲಸದಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ. ಒಂದು ಕೊಳವೆಬಾವಿ ಕೊರೆಸಲು ಇದರ ಹಲವು ಪಟ್ಟು ಕೊಟ್ಟು, ನೀರು ಬಾರದಿದ್ದರೂ ಬಾಯಿ ಮುಚ್ಚಿಕೊಂಡು ಇರುತ್ತೇವೆ. ನೆಲದೊಳಗೆ ನಾಲ್ಕು ಆಳುದ್ದ ಇಳಿದು ಕುಕ್ಕರುಗಾಲಿನಲ್ಲಿ ದುಡಿಯುವವರ ಹತ್ತಿರ ಐನೂರು ರೂಪಾಯಿಗೆ ಜಗ್ಗಾಡುವುದು ಸಲ್ಲದು.

ಒಂದು ಅಂಕ ಕಳೆದದ್ದು ಸುರಕ್ಷತೆಗೆ. ಒಳಗಿಳಿದವರ ತಲೆಗೆ ಹೆಲ್ಮೆಟ್ ಇರಲಿಲ್ಲ, ಸೊಂಟಕ್ಕೆ ಪಟ್ಟಿ ಇರಲಿಲ್ಲ. ಮಣ್ಣು ತುಂಬಿದ ಬಾಂಡಲಿ ಅವರ ತಲೆಯ ಮೇಲಿನಿಂದಲೇ ಏರುತ್ತದೆ. ನಾನು ಹೇಳಿದ ಮೇಲೆ ಹೆಲ್ಮೆಟ್ ಹಾಕಿಕೊಂಡರು, ಸ್ವಲ್ಪ ಹೊತ್ತಿಗೆ ಸೆಕೆಯೆಂದು ತೆಗೆದಿಟ್ಟರು. ಅವರ ಅನುಭವ ದೊಡ್ಡದು, ಗೋಡೆಯಲ್ಲಿ ಬಿರುಕು ಕಂಡರೆ ಕ್ಷಣ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೂ ಈ ಕೆಲಸಕ್ಕೆ ಹಣ ಕೊಡುವ ಪ್ರತಿಯೊಬ್ಬರೂ ಹೆಲ್ಮೆಟ್, ಸೊಂಟಪಟ್ಟಿ, ರಾತ್ರಿ ಗುಂಡಿಯ ಸುತ್ತ ಗಟ್ಟಿ ತಡೆ, ಈ ಮೂರನ್ನು ಮಾತಿನಲ್ಲೇ ಸೇರಿಸಬೇಕು. ಅದರ ಖರ್ಚನ್ನೂ ನಾವೇ ಕೊಡಬೇಕು. ಇನ್ನೊಂದು ವಿಷಯ, ತೆಗೆದ ಮಣ್ಣು ಮೂರು ಟ್ರ್ಯಾಕ್ಟರ್ ಆಗುತ್ತದೆ. ಅದನ್ನು ಎಲ್ಲಿಗೆ ಸಾಗಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಕೆಂಪು ಮಣ್ಣನ್ನು ನಾವು ಬೇರೆ ಗುಡ್ಡೆ ಹಾಕಿಸಿ ಗಿಡಗಳಿಗೆ ಇಟ್ಟುಕೊಂಡೆವು, ಬೀದಿಯವರೂ ಬುಟ್ಟಿ ತಂದು ಒಯ್ದರು.

ಇನ್ನು ಆ ಮೂರು ಅಂಕದ ವಿಷಯ. ತಾರಸಿಯ ನೀರನ್ನು ಸೋಸಿ ಬಾವಿಗೆ ಬಿಡಬೇಕು, ಇಲ್ಲದಿದ್ದರೆ ಎಲೆ, ಧೂಳು, ಪಾರಿವಾಳದ ಹಿಕ್ಕೆ ಸೇರಿ ತಳ ಕಟ್ಟಿಕೊಳ್ಳುತ್ತದೆ. ಇದಕ್ಕಾಗಿ ಅಂಗಡಿಯೊಂದರವರು ಗೋಡೆಗೆ ಜೋಡಿಸುವ ಒಂದು ಫಿಲ್ಟರ್ ಕೊಟ್ಟರು. ನೋಡಲು ಚೆಂದ, ಬೆಲೆ ಬಾವಿಯ ಕೂಲಿಯ ಕಾಲು ಭಾಗ. "ಹತ್ತು ವರ್ಷ ನೋಡುವ ಹಾಗೇ ಇಲ್ಲ ಮೇಡಂ" ಎಂದರು. ಮೊದಲ ಜೋರು ಮಳೆಗೆ ಅದರ ಸಣ್ಣ ಜಾಲರಿ ಕಟ್ಟಿಕೊಂಡು, ನೀರು ಬಾವಿಗೆ ಹೋಗದೆ ಗೋಡೆಯ ಮೇಲೆಲ್ಲ ಚಿಮ್ಮಿತು. ಬಂದು ನೋಡಿ ಎಂದರೆ ಆಳು ಊರಿಗೆ ಹೋಗಿದ್ದಾನೆ ಎಂಬ ಉತ್ತರ. ಕೊನೆಗೆ ಮೇಸ್ತ್ರಿಗೇ ಫೋನ್ ಮಾಡಿದೆ. ಅವರು ಬಂದು ಬಾವಿಯ ಪಕ್ಕ ಎರಡು ಅಡಿ ಚೌಕದ ಇಟ್ಟಿಗೆ ತೊಟ್ಟಿ ಕಟ್ಟಿದರು. ಅರ್ಧಕ್ಕೊಂದು ಅಡ್ಡಗೋಡೆ. ಮೊದಲ ಅರ್ಧದಲ್ಲಿ ಕೆಸರು ತಳಕ್ಕೆ ಕೂರುತ್ತದೆ, ಎರಡನೆಯದರಲ್ಲಿ ಜಲ್ಲಿಯ ಮೂಲಕ ನೀರು ಸೋಸಿ ಹೋಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಪೈಪಿನಲ್ಲಿ ಒಂದು ವಾಲ್ವ್. ಆ ತೊಟ್ಟಿಯನ್ನು ನಾನೇ ಮಗ್ಗಿನಿಂದ ಬಳಿದು ತೆಗೆಯುತ್ತೇನೆ, ಜಲ್ಲಿಯನ್ನು ವರ್ಷಕ್ಕೊಮ್ಮೆ ತೊಳೆಸುತ್ತೇನೆ. ತೊಂದರೆ ಇಲ್ಲ. ನಿಮಗೂ ನನ್ನ ಸಲಹೆ ಇದೇ, ಕಣ್ಣಿಗೆ ಕಾಣುವ, ಕೈಯಿಂದ ಶುಚಿ ಮಾಡಬಹುದಾದ ತೊಟ್ಟಿಯನ್ನು ಕಟ್ಟಿಸಿ.

ಫಲವೇನಾಯಿತು? ಒಂದು ಇಂಗುಬಾವಿ ತೋಡಿಸಿದ ಕೂಡಲೇ ಕೊಳವೆಬಾವಿ ತುಂಬಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಲಿನ ಪದರದ ನೀರು ನೂರಾರು ಅಡಿ ಕೆಳಗಿನ ಬಂಡೆಯ ಬಿರುಕುಗಳಿಗೆ ಇಳಿಯಲು ಕಾಲ ಬೇಕು. ಇಳಿದದ್ದು ನಮ್ಮ ಬೇಲಿಯೊಳಗೇ ನಿಲ್ಲುವುದೂ ಇಲ್ಲ, ಬೀದಿಯವರೆಲ್ಲರ ಪಾಲಾಗುತ್ತದೆ. ಆಗಲಿ, ಅದು ಆಗಬೇಕಾದದ್ದೇ. ಕಣ್ಣಿಗೆ ಕಂಡ ಬದಲಾವಣೆ ಬೇರೆ. 50 ಮಿಲಿಮೀಟರ್ ಮಳೆ ಸುರಿದರೆ ನಮ್ಮ ತಾರಸಿಯಿಂದ 4,600 ಲೀಟರಿನಷ್ಟು ನೀರು ಇಳಿಯುತ್ತದೆ. 23 ಅಡಿಯ ಬಾವಿ ಹಿಡಿಯುವುದೂ ಸರಿಸುಮಾರು ಅಷ್ಟೇ, ಜೊತೆಗೆ ಮಳೆ ಬೀಳುತ್ತಿರುವಾಗಲೂ ಅದು ಇಂಗುತ್ತಲೇ ಇರುತ್ತದೆ. ಆದ್ದರಿಂದ ಎಂಥ ಮಳೆಗೂ ನಮ್ಮ ಗೇಟಿನಿಂದ ಈಗ ನೀರು ರಸ್ತೆಗೆ ಬರುವುದು ಅಪರೂಪ. ಮಳೆಗಾಲದ ಕೊನೆಗೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತಳದಲ್ಲಿ ತಿಳಿನೀರು ನಿಂತಿರುತ್ತದೆ. ಅದು ತಾರಸಿಯಿಂದ ಆ ವಾರ ಬಿದ್ದದ್ದಲ್ಲ, ಸುತ್ತಲಿನ ಮಣ್ಣು ತೇವ ತುಂಬಿಕೊಂಡು ಬಾವಿಗೆ ಮರಳಿಸಿದ್ದು. ಬೇಸಿಗೆಗೆ ಆರುತ್ತದೆ. ಬೀದಿಯಲ್ಲಿ ಹತ್ತು ಮನೆಯವರು ತೋಡಿಸಿದರೆ ಆರುವುದು ತಡವಾಗುತ್ತದೆ.

ಇದನ್ನೇ ನಗರದ ಅಳತೆಯಲ್ಲಿ ಮಾಡಿದರೆ ಏನಾಗುತ್ತದೆಂದು ನೋಡಲು ನಾವು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಜಕ್ಕೂರು ಕೆರೆ ಇದೆ, ಸುಮಾರು 160 ಎಕರೆ. ಜಲಮಂಡಳಿಯ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ನೇರ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ಘಟಕದಲ್ಲಿ ತೆಗೆಯಲಾಗದೆ ಉಳಿದ ಸಾರಜನಕ, ರಂಜಕಗಳನ್ನು ಆ ಜೊಂಡಿನ ಬೇರು ಮತ್ತು ಅದಕ್ಕಂಟಿದ ಸೂಕ್ಷ್ಮಜೀವಿಗಳು ಹೀರುತ್ತವೆ. ಬೆಳಗಿನ ಹೊತ್ತು ಹೋದರೆ ಹೆಜ್ಜಾರ್ಲೆಗಳು ತೇಲುವುದನ್ನೂ ಮೀನುಗಾರರು ತೆಪ್ಪದಲ್ಲಿ ಬಲೆ ಎಳೆಯುವುದನ್ನೂ ಕಾಣಬಹುದು. ಊರಿನ ಕೊಳಚೆ, ಗಿಡಗಂಟಿಗಳ ಕೈ ದಾಟಿ, ಕೆರೆಯಾಗಿ, ನೆಲಕ್ಕೆ ಇಂಗಿ ಅಂತರ್ಜಲವಾಗುತ್ತಿದೆ. ಕಬ್ಬನ್ ಪಾರ್ಕಿನಲ್ಲಿಯೂ ಮಣ್ಣು ಒಡ್ಡರ ಕೈಯಿಂದಲೇ ಹಳೆಯ ತೆರೆದ ಬಾವಿಗಳ ಹೂಳು ತೆಗೆಸಿ, ಉದ್ಯಾನದುದ್ದಕ್ಕೂ ಇಂಗುಬಾವಿಗಳನ್ನು ತೋಡಿಸಿದ್ದಾರೆ. ಯೋಜಕರ ಭಾಷೆಯಲ್ಲಿ ಇದಕ್ಕೆಲ್ಲ ಪ್ರಕೃತಿ ಆಧಾರಿತ ಪರಿಹಾರ ಎಂಬ ಹೆಸರಿದೆ.

ಹೀಗಿರುವಾಗ, ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡಿಗೆ ದಾರಿಯ ಎರಡೂ ಬದಿಗೆ ಟೈಲ್ಸ್ ಹಾಸಿ, ಮರಗಳ ಬುಡಕ್ಕೆ ಕತ್ತು ಹಿಸುಕುವಂತೆ ಸಿಮೆಂಟ್ ಮೆತ್ತಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಳೆನೀರು ಹರಿಯುವ ರಾಜಕಾಲುವೆಯ ಗೋಡೆಗೆ ಕಾಂಕ್ರೀಟ್ ಹಾಕುವುದಕ್ಕೆ ಒಂದು ಕಾರಣ ಹೇಳಬಹುದು. ತಳಕ್ಕೂ ಹಾಕಿ, ಇಂಗುವ ನೀರನ್ನೂ ಓಡಿಸಿ, ಕೆಳಗಿನ ಬಡಾವಣೆಯನ್ನು ಮುಳುಗಿಸುವುದು ಯಾವ ಲೆಕ್ಕ? 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಸುತ್ತಮುತ್ತ ಜನರನ್ನು ಟ್ರ್ಯಾಕ್ಟರಿನಲ್ಲಿ ದಾಟಿಸಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅದೇ ಊರು ಹದಿನೆಂಟು ತಿಂಗಳಿಗೆ ಟ್ಯಾಂಕರಿಗಾಗಿ ಸರದಿ ನಿಂತಿತು. ನಮ್ಮ ನಿವಾಸಿಗಳ ಸಂಘದಲ್ಲಿ ಈಗ ಉದ್ಯಾನದ ತಗ್ಗಿನ ಮೂಲೆಯಲ್ಲಿ ನಾಲ್ಕು ಇಂಗುಬಾವಿ ತೋಡಿಸುವ ಮಾತು ನಡೆದಿದೆ. ಮೇಸ್ತ್ರಿ ಬಂದು ಜಾಗ ನೋಡಿ ಹೋಗಿದ್ದಾರೆ.

ಯಾರು ಮಾಡಿಸಬಾರದು ಎಂಬುದನ್ನೂ ಹೇಳಬೇಕು. ಕೆರೆ ಮುಚ್ಚಿ, ತಗ್ಗು ತುಂಬಿಸಿ ಮಾಡಿದ ನಿವೇಶನವಾದರೆ ಮೊದಲು ತಿಳಿದವರಿಂದ ಮಣ್ಣು ನೋಡಿಸಿ. ಮಳೆಗಾಲದಲ್ಲಿ ಐದಾರು ಅಡಿಗೇ ನೀರು ಸಿಗುವ ಜಾಗದಲ್ಲಿ ಇಂಗಲು ಎಡೆಯೇ ಇರುವುದಿಲ್ಲ, ಅಲ್ಲಿ ಸಂಪಿನಲ್ಲಿ ಶೇಖರಿಸಿ ಬಳಸುವುದು ಮೇಲು. ಪಕ್ಕದಲ್ಲಿ ಮಲಗುಂಡಿ ಇದ್ದರೆ ಬೇಡವೇ ಬೇಡ. ಬಟ್ಟೆ ಒಗೆದ ನೀರು, ಕಾರು ತೊಳೆದ ನೀರು ಯಾವ ಕಾರಣಕ್ಕೂ ಇದಕ್ಕೆ ಸೇರಕೂಡದು. ತಾರಸಿಯ ಪೈಪನ್ನು ನೇರವಾಗಿ ಕೊಳವೆಬಾವಿಯ ಬಾಯಿಗೆ ತುರುಕುವ ಕೆಲಸವನ್ನಂತೂ ಯಾರು ಹೇಳಿದರೂ ಮಾಡಿಸಬೇಡಿ. ಹಾಗೆ ಬಿಟ್ಟ ಕೊಳೆ ಮಣ್ಣಿನ ಮೂಲಕ ಸೋಸದೆ ನೇರ ಅಂತರ್ಜಲಕ್ಕೆ ಹೋಗುತ್ತದೆ, ಅದನ್ನು ಆಮೇಲೆ ತೆಗೆಯಲು ಬರುವುದಿಲ್ಲ.

ತೋಡಿಸಲು ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್. ನೆಲ ಒಣಗಿ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ತಂಡದವರಿಗೆ ಸಂಕ್ರಾಂತಿಯ ಹೊತ್ತಿಗೇ ಹೇಳಿಡಿ. ಮುಂಗಾರು ಪೂರ್ವದ ಮಳೆ ಶುರುವಾದ ಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಗಿ ಅವರು ಕೈಗೆ ಸಿಗುವುದಿಲ್ಲ, ಒದ್ದೆ ಮಣ್ಣಿನಲ್ಲಿ ಆಳಕ್ಕೆ ಇಳಿಯಿರಿ ಎಂದು ಅವರನ್ನು ಕೇಳುವುದೂ ನ್ಯಾಯವಲ್ಲ.